ಕುಲುಮೆಯ ಗೋಡೆ ಬದಲಿಸಿದ ಕೋರ್ಟ್ ಗುಮಾಸ್ತ: ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಮತ್ತು ಕಸದ ಲೆಕ್ಕ

‘ಕಸದಿಂದ ರಸ’ ಅನ್ನೋ ಮಾತು ಈಗ ಸರ್ಕಾರಿ ಜಾಹೀರಾತಿನಿಂದ ಹಿಡಿದು ಶಾಲೆಯ ವಿಜ್ಞಾನ ಮೇಳದವರೆಗೆ ಎಲ್ಲ ಕಡೆ ಕೇಳುತ್ತದೆ. ಊದುಕುಲುಮೆಯ ಕಿಟ್ಟದಿಂದ ಸಿಮೆಂಟು, ಉಕ್ಕಿನ ಕಿಟ್ಟದಿಂದ ರಸ್ತೆ, ಭತ್ತದ ಹೊಟ್ಟಿನ ಬೂದಿಯಿಂದ ಕರಗಿದ ಉಕ್ಕಿನ ಶಾಖ ಕಾಯುವ ಹೊದಿಕೆ, ಸವೆದ ಕುಲುಮೆ ಇಟ್ಟಿಗೆ ಪುಡಿ ಮಾಡಿ ಮತ್ತೆ ಹೊಸ ಇಟ್ಟಿಗೆ. ಎಲ್ಲವೂ ಒಳ್ಳೆಯದೇ. ಆದರೆ ಈ ಚರ್ಚೆಯಲ್ಲಿ ನಾವು ಸಾಮಾನ್ಯವಾಗಿ ಕಸವನ್ನು ಕೊನೆಯಲ್ಲಿ ನೋಡ್ತೀವಿ. ಕಾರ್ಖಾನೆ ಕಟ್ಟಿ, ಉತ್ಪಾದನೆ ಶುರುವಾಗಿ, ಹಿತ್ತಲಲ್ಲಿ ಗುಡ್ಡ ಬೆಳೆದ ಮೇಲೆ ಇದನ್ನೇನು ಮಾಡೋಣ ಅಂತ ತಲೆ ಕೆರೆದುಕೊಳ್ಳುತ್ತೇವೆ.

ಸುಮಾರು 150 ವರ್ಷಗಳ ಹಿಂದೆ ಒಬ್ಬ ಯುವಕ ಈ ಲೆಕ್ಕವನ್ನು ತಲೆಕೆಳಗು ಮಾಡಿದ. ಕುಲುಮೆಯ ಒಳಗೋಡೆ ಯಾವುದರಿಂದ ಕಟ್ಟಬೇಕು ಅನ್ನೋ ಪ್ರಶ್ನೆಯನ್ನೂ, ಆ ಕುಲುಮೆಯಿಂದ ಬರುವ ಕಸ ಏನಾಗಬೇಕು ಅನ್ನೋ ಪ್ರಶ್ನೆಯನ್ನೂ ಒಟ್ಟಿಗೇ ಕೇಳಿದ. ಆತ ಎಂಜಿನಿಯರ್ ಅಲ್ಲ, ಕಾರ್ಖಾನೆ ಮಾಲೀಕನೂ ಅಲ್ಲ. ಲಂಡನ್ನಿನ ಪೊಲೀಸ್ ಕೋರ್ಟೊಂದರ ಗುಮಾಸ್ತ. ಹೆಸರು ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್. ಲೋಹಶಾಸ್ತ್ರ ಓದಿದ ಯಾರಿಗೂ ಈ ಹೆಸರು ಹೊಸದಲ್ಲ. ಆದರೆ ಪರೀಕ್ಷೆಗೆ ಬರೆದ ಎರಡು ಸಾಲಿನ ಟಿಪ್ಪಣಿಯಾಚೆ ಆತನ ಬದುಕು ಹೆಚ್ಚಿನವರಿಗೆ ಗೊತ್ತಿಲ್ಲ.

ಹಗಲು ಕೋರ್ಟು, ರಾತ್ರಿ ರಸಾಯನ

ಥಾಮಸ್ ಹುಟ್ಟಿದ್ದು 1850ರ ಏಪ್ರಿಲ್ 16ರಂದು, ಲಂಡನ್ನಿನ ಕ್ಯಾನನ್‌ಬರಿಯಲ್ಲಿ. ತಂದೆ ವೇಲ್ಸ್ ಮೂಲದ ಸರ್ಕಾರಿ ನೌಕರ. ತಾಯಿಯ ತಂದೆ ಪಾದ್ರಿ. ಡಲ್ವಿಚ್ ಕಾಲೇಜಿನಲ್ಲಿ ಓದಿದ ಹುಡುಗನಿಗೆ ವೈದ್ಯನಾಗುವ ಆಸೆ ಇತ್ತು. ಅಷ್ಟರಲ್ಲಿ ತಂದೆ ತೀರಿಕೊಂಡರು. ಮನೆ ನಡೆಸಲು ಹಣ ಬೇಕಿತ್ತು. ಹದಿನೇಳರ ಹುಡುಗ ಕೆಲವು ದಿನ ಮೇಷ್ಟ್ರ ಕೆಲಸ ಮಾಡಿ, ಆಮೇಲೆ ಪೊಲೀಸ್ ಕೋರ್ಟಿನಲ್ಲಿ ಗುಮಾಸ್ತನಾದ. ಮೊದಲು ಮಾರ್ಲ್‌ಬರೊ ಸ್ಟ್ರೀಟ್ ಕೋರ್ಟು, ಬಳಿಕ ಸ್ಟೆಪ್ನಿಯ ಥೇಮ್ಸ್ ಪೊಲೀಸ್ ಕೋರ್ಟು. 1879ರವರೆಗೂ, ಅಂದ್ರೆ ಸುಮಾರು ಹನ್ನೆರಡು ವರ್ಷ, ಇದೇ ಕೆಲಸ.

ಸ್ಟೆಪ್ನಿ ಅಂದ್ರೆ ಲಂಡನ್ನಿನ ಪೂರ್ವಭಾಗ. ಹಡಗುಕಟ್ಟೆಯ ಕೂಲಿಗಳು, ನಾವಿಕರು, ದಿನಗೂಲಿಯವರು ತುಂಬಿದ ಬಡವರ ಬಡಾವಣೆ. ಕುಡಿತ, ಹೊಡೆದಾಟ, ಸಣ್ಣಪುಟ್ಟ ಕಳವಿನ ಕೇಸುಗಳು ಬೆಳಗಿನಿಂದ ಸಂಜೆಯವರೆಗೆ ಕೋರ್ಟಿನ ಮುಂದೆ ಬರುತ್ತಿದ್ದವು. ದುಡಿಯುವ ಜನರ ಬದುಕು ಎಷ್ಟು ಕಷ್ಟದ್ದು ಅನ್ನೋದನ್ನ ಥಾಮಸ್ ಪುಸ್ತಕದಲ್ಲಿ ಓದಬೇಕಾಗಿರಲಿಲ್ಲ. ಅದು ಕಣ್ಣೆದುರೇ ದಿನಾ ನಿಲ್ಲುತ್ತಿತ್ತು. ಮುಂದೆ ಆತ ಬರೆದಿಟ್ಟ ಉಯಿಲಿಗೂ ಈ ಹನ್ನೆರಡು ವರ್ಷಕ್ಕೂ ಸಂಬಂಧವಿಲ್ಲ ಅಂತ ಹೇಳೋದು ಕಷ್ಟ.

ಕೋರ್ಟು ಮುಗಿದ ಮೇಲೆ ಆತನ ದಿನದ ಎರಡನೇ ಪಾಳಿ ಶುರು. ದುಡಿಯುವವರಿಗಾಗಿಯೇ ಸಂಜೆ ತರಗತಿ ನಡೆಸುತ್ತಿದ್ದ ಬರ್ಕ್‌ಬೆಕ್ ಸಂಸ್ಥೆಯಲ್ಲಿ ರಸಾಯನಶಾಸ್ತ್ರ. ಮನೆಯಲ್ಲಿ ಸಣ್ಣ ಪ್ರಯೋಗ. ರಾಯಲ್ ಸ್ಕೂಲ್ ಆಫ್ ಮೈನ್ಸ್‌ನ ಪರೀಕ್ಷೆಗಳನ್ನೂ ಪಾಸು ಮಾಡಿದ. ಆದರೆ ಪದವಿ ಕೊಡಲಿಲ್ಲ. ಕಾರಣ ಏನು ಗೊತ್ತಾ? ಹಗಲಿನ ತರಗತಿಗಳಿಗೆ ಹಾಜರಾಗಿರಲಿಲ್ಲ. ಹಗಲಲ್ಲಿ ಹೊಟ್ಟೆಪಾಡಿನ ಕೆಲಸ ಮಾಡುವವನು ಎಷ್ಟೇ ಓದಿದರೂ ಪದವೀಧರನಾಗುವಂತಿಲ್ಲ ಎಂಬ ನಿಯಮ ಅದು. ನಮ್ಮಲ್ಲೂ ಹಾಜರಾತಿ ಕಡಿಮೆಯಾಯ್ತು ಅಂತ ಪರೀಕ್ಷೆ ತಪ್ಪಿಸಿಕೊಂಡ ದುಡಿಯುವ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

1873ರಲ್ಲಿ ಬರ್ಟನ್ ಊರಿನ ದೊಡ್ಡ ಬಿಯರ್ ಕಾರ್ಖಾನೆಯೊಂದರಿಂದ ರಸಾಯನಜ್ಞನ ಕೆಲಸಕ್ಕೆ ಕರೆ ಬಂತು. ಗುಮಾಸ್ತಗಿರಿಗಿಂತ ಎಷ್ಟೋ ಮೇಲು. ಥಾಮಸ್ ಬೇಡ ಅಂದ. ಮದ್ಯ ತಯಾರಿಕೆಗೆ ಕೈ ಜೋಡಿಸಲು ಮನಸ್ಸು ಒಪ್ಪಲಿಲ್ಲ. ಮತ್ತೆ ಅದೇ ಕೋರ್ಟು, ಅದೇ ದಫ್ತರು.

ಹುಳಿ ಸಾರು ಮತ್ತು ತಾಮ್ರದ ಪಾತ್ರೆ

1870ರ ಸುಮಾರಿಗೆ ಬರ್ಕ್‌ಬೆಕ್‌ನಲ್ಲಿ ಜಾರ್ಜ್ ಚಾಲೋನರ್ ಎಂಬ ಉಪನ್ಯಾಸಕರು ಪಾಠದ ನಡುವೆ ಒಂದು ಮಾತು ಹೇಳಿದ್ದರು. ಬೆಸೆಮರ್ ಪರಿವರ್ತಕದಲ್ಲಿ ರಂಜಕವನ್ನು ತೆಗೆದುಹಾಕುವ ದಾರಿ ಕಂಡುಹಿಡಿದವನು ದೊಡ್ಡ ಸಿರಿವಂತನಾಗುತ್ತಾನೆ ಎಂಬರ್ಥದ ಮಾತು. ಥಾಮಸ್ ತಲೆಯಲ್ಲಿ ಅದು ಕೂತುಬಿಟ್ಟಿತು.

ಸಮಸ್ಯೆ ಏನು ಅಂತ ಸ್ವಲ್ಪ ನೋಡೋಣ. 1856ರಲ್ಲಿ ಹೆನ್ರಿ ಬೆಸೆಮರ್ ಕರಗಿದ ಬೀಡುಕಬ್ಬಿಣದೊಳಗೆ ಗಾಳಿ ಊದಿ ಉಕ್ಕು ಮಾಡುವ ವಿಧಾನವನ್ನು ಪ್ರಕಟಿಸಿದ್ದ. ಪೇರಳೆ ಹಣ್ಣಿನ ಆಕಾರದ ದೊಡ್ಡ ಪಾತ್ರೆ, ತಳದಿಂದ ಗಾಳಿ. ಕಬ್ಬಿಣದೊಳಗಿನ ಇಂಗಾಲ, ಸಿಲಿಕಾನ್ ಉರಿದು ಹೋಗುತ್ತವೆ. ಆ ಉರಿಯೇ ಶಾಖ ಕೊಡುವುದರಿಂದ ಬೇರೆ ಇಂಧನ ಬೇಡ. ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಅರ್ಧ ಗಂಟೆಯೊಳಗೆ ಮುಗಿಯಿತು. ಆದರೆ ಅದಿರಿನಲ್ಲಿ ರಂಜಕ, ಅಂದ್ರೆ ಫಾಸ್ಫರಸ್, ಇದ್ದರೆ ಅದು ಹಾಗೇ ಉಕ್ಕಿನಲ್ಲಿ ಉಳಿದುಬಿಡುತ್ತಿತ್ತು. ಅಂಥ ಉಕ್ಕು ಚಳಿಗೆ ಪೆಡಸಾಗಿ ಒಡೆಯುತ್ತದೆ. ರೈಲು ಹಳಿಗೆ, ಸೇತುವೆಗೆ ಅದು ಕೆಲಸಕ್ಕೆ ಬಾರದು.

ಹೀಗಾಗಿ ರಂಜಕ ಕಡಿಮೆ ಇರುವ ಅದಿರಿಗೆ ಮಾತ್ರ ಬೆಲೆ. ಅದು ಸಿಗುತ್ತಿದ್ದದ್ದು ಇಂಗ್ಲೆಂಡಿನ ಕಂಬರ್‌ಲ್ಯಾಂಡ್, ಸ್ಪೇನಿನ ಬಿಲ್ಬಾವೊದಂಥ ಕೆಲವೇ ಕಡೆ. ಇಂಗ್ಲೆಂಡಿನದೇ ಕ್ಲೀವ್‌ಲ್ಯಾಂಡ್ ಪ್ರದೇಶದ ಅದಿರು, ಲಾರೇನ್ ಮತ್ತು ಲಕ್ಸೆಂಬರ್ಗ್‌ಗಳ ಅಪಾರ ಅದಿರು ರಂಜಕದ ಕಾರಣಕ್ಕೆ ಬೆಸೆಮರ್ ಉಕ್ಕಿಗೆ ನಿರುಪಯೋಗಿ.

ಗುಟ್ಟು ಇದ್ದದ್ದು ಪಾತ್ರೆಯ ಒಳಗೋಡೆಯಲ್ಲಿ. ಬೆಸೆಮರ್ ಪರಿವರ್ತಕದ ಒಳಪದರವನ್ನು ಮರಳುಕಲ್ಲಿನ ಜಾತಿಯ ಸಿಲಿಕಾದಿಂದ ಕಟ್ಟುತ್ತಿದ್ದರು. ಶಾಖ ತಡೆಯಲು ಅದು ಗಟ್ಟಿ. ಆದರೆ ರಸಾಯನದ ಲೆಕ್ಕದಲ್ಲಿ ಅದು ಆಮ್ಲದ ಗುಣದ್ದು. ಉರಿದ ರಂಜಕವೂ ಆಮ್ಲದ ಗುಣದ್ದೇ. ಅದನ್ನು ಹಿಡಿದುಕೊಳ್ಳಲು ಸುಣ್ಣದಂಥ ಪ್ರತ್ಯಾಮ್ಲ ಬೇಕು. ಹಾಗಾದರೆ ಪಾತ್ರೆಗೆ ಸುಣ್ಣ ಹಾಕಿದರಾಯ್ತಲ್ಲ ಅಂದ್ರೆ, ಸುಣ್ಣ ಮೊದಲು ಸಿಲಿಕಾ ಗೋಡೆಯನ್ನೇ ತಿನ್ನುತ್ತದೆ. ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಹುಳಿ ಸಾರು ಕುದಿಸಿದರೆ ಏನಾಗುತ್ತೆ? ಸಾರೂ ಕೆಡುತ್ತೆ, ಪಾತ್ರೆಯೂ ಸವೆಯುತ್ತೆ. ಇಲ್ಲೂ ಹಾಗೇ.

1875ರ ಕೊನೆಯ ಹೊತ್ತಿಗೆ ಥಾಮಸ್‌ಗೆ ಉತ್ತರ ಹೊಳೆದಿತ್ತು. ಗೋಡೆಯನ್ನೇ ಸುಣ್ಣದ ಜಾತಿಯ ವಸ್ತುವಿನಿಂದ ಕಟ್ಟಬೇಕು. ಆಗ ಒಳಗೆ ಧಾರಾಳವಾಗಿ ಸುಣ್ಣ ಹಾಕಬಹುದು. ಸುಣ್ಣ ರಂಜಕವನ್ನು ಹಿಡಿದು ಕಿಟ್ಟವಾಗಿ ಮೇಲೆ ತೇಲುತ್ತದೆ. ಇಲ್ಲೇ ಆತ ಇನ್ನೊಂದು ಹೆಜ್ಜೆ ಮುಂದೆ ಹೋದ. ರಂಜಕ ಬೆಳೆಗೆ ಬೇಕಾದ ಆಹಾರ. ಹಾಗಾಗಿ ಆ ಕಿಟ್ಟಕ್ಕೆ ಮುಂದೊಂದು ದಿನ ಬೆಲೆ ಬರುತ್ತದೆ ಅಂತ ಆಗಲೇ ಅಂದಾಜು ಮಾಡಿದ್ದ. ಇನ್ನೂ ಒಂದು ಪಾವು ಉಕ್ಕೂ ಮಾಡಿರದ ಕಾಲದಲ್ಲಿ ಕಸದ ಲೆಕ್ಕ ಬರೆದಾಗಿತ್ತು!

ಬ್ಲೇನಾವನ್‌ನ ಪುಟ್ಟ ಕುಲುಮೆ

ಯೋಚನೆಯೇನೋ ಸರಿ, ಕುಲುಮೆ ಎಲ್ಲಿಂದ ತರೋದು? ಥಾಮಸ್‌ನ ಸೋದರ ಸಂಬಂಧಿ ಪರ್ಸಿ ಕಾರ್ಲೈಲ್ ಗಿಲ್‌ಕ್ರಿಸ್ಟ್ ವೇಲ್ಸ್‌ನ ಕಬ್ಬಿಣದ ಕಾರ್ಖಾನೆಯಲ್ಲಿ ರಸಾಯನಜ್ಞನಾಗಿದ್ದ. ಮೊದಲು ಕುಮಾವನ್‌ನಲ್ಲಿ, ಆಮೇಲೆ ಬ್ಲೇನಾವನ್‌ನಲ್ಲಿ. ಥಾಮಸ್ ಲಂಡನ್ನಿನಿಂದ ಪತ್ರದ ಮೇಲೆ ಪತ್ರ ಬರೆದು ಏನು ಮಾಡಬೇಕು ಅಂತ ಹೇಳುವುದು, ಪರ್ಸಿ ಪುಟ್ಟ ಪರಿವರ್ತಕದಲ್ಲಿ ಮಾಡಿ ನೋಡಿ ಫಲಿತಾಂಶ ತಿಳಿಸುವುದು, ರಜೆ ಸಿಕ್ಕಾಗ ಥಾಮಸ್ ರೈಲು ಹತ್ತಿ ಅಲ್ಲಿಗೆ ಓಡುವುದು. ಹೀಗೆ ನಡೆಯಿತು ಸಂಶೋಧನೆ. ಕಾರ್ಖಾನೆಯ ವ್ಯವಸ್ಥಾಪಕ ಎಡ್ವರ್ಡ್ ಮಾರ್ಟಿನ್‌ಗೆ ವಿಷಯ ಗೊತ್ತಾದಾಗ ಆತ ಗದರಲಿಲ್ಲ. ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಲು ಅನುಕೂಲ ಮಾಡಿಕೊಟ್ಟ. 1877ರ ನವೆಂಬರಿನಲ್ಲಿ ಮೊದಲ ಪೇಟೆಂಟ್ ಬಂತು.

ಗೋಡೆ ಕಟ್ಟೋದು ಸುಲಭದ ಕೆಲಸವಾಗಿರಲಿಲ್ಲ. ಸುಣ್ಣದ ಗೂಡು ನೋಡಿದವರಿಗೆ ಗೊತ್ತು, ಸುಟ್ಟ ಸುಣ್ಣಕಲ್ಲು ಗಾಳಿಯ ತೇವ ಕುಡಿದು ಅರಳಿ ಪುಡಿಯಾಗುತ್ತದೆ. ಅದರಿಂದ ಗೋಡೆ ನಿಲ್ಲೋದು ಹೇಗೆ? ಸುಣ್ಣದ ಜೊತೆ ಮೆಗ್ನೀಷಿಯಾ ಇರುವ ಡಾಲಮೈಟ್ ಕಲ್ಲನ್ನು ತುಂಬ ಹೆಚ್ಚಿನ ಶಾಖದಲ್ಲಿ, ಕುಗ್ಗಿ ಗಟ್ಟಿಯಾಗುವವರೆಗೆ ಸುಡಬೇಕು. ಮುಂದೆ ಇದನ್ನು ಅಂಟಿಸಲು ನೀರಿನ ಬದಲು ಕಲ್ಲಿದ್ದಲಿನ ಟಾರು ಬಳಸುವ ಪದ್ಧತಿ ನೆಲೆಗೊಂಡಿತು. ಟಾರು ತೇವವನ್ನು ದೂರ ಇಡುತ್ತದೆ, ಕಾದಾಗ ಇಂಗಾಲವಾಗಿ ಕಣಗಳನ್ನು ಹಿಡಿದಿಡುತ್ತದೆ. ಕೋಕ್ ಒಲೆ, ಅನಿಲ ಕಾರ್ಖಾನೆಗಳಲ್ಲಿ ಒಂದು ಕಾಲಕ್ಕೆ ಎಲ್ಲಿ ಸುರಿಯೋದು ಅಂತ ತಿಳಿಯದೆ ತೊಂದರೆ ಕೊಡುತ್ತಿದ್ದ ಕಸ ಈ ಟಾರು. ಅದೇ ಈಗ ಉಕ್ಕಿನ ಕುಲುಮೆಯ ಗೋಡೆಯ ಭಾಗವಾಯ್ತು.

1878ರ ಮಾರ್ಚ್. ಲಂಡನ್ನಿನಲ್ಲಿ ಕಬ್ಬಿಣ ಮತ್ತು ಉಕ್ಕು ಸಂಸ್ಥೆಯ ಸಭೆ. ಉದ್ಯಮದ ದೊಡ್ಡ ತಲೆ ಲೋಥಿಯನ್ ಬೆಲ್ ರಂಜಕ ತೆಗೆಯುವ ಬಗ್ಗೆಯೇ ಪ್ರಬಂಧ ಓದಿದ್ದ. ಚರ್ಚೆಯಲ್ಲಿ ಯಾರಿಗೂ ಪರಿಚಯವಿಲ್ಲದ ಯುವಕನೊಬ್ಬ ಎದ್ದು, ಬೆಸೆಮರ್ ಪರಿವರ್ತಕದಲ್ಲೇ ರಂಜಕವನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದಿದ್ದೇನೆ ಅಂತ ಹೇಳಿ ಕೂತ. ಯಾರೂ ಗಮನ ಕೊಡಲಿಲ್ಲ. ವಿರೋಧಿಸುವ ಕಷ್ಟವನ್ನೂ ಯಾರೂ ತಗೊಳ್ಳಲಿಲ್ಲ. ಅದೇ ವರ್ಷ ಪ್ಯಾರಿಸ್ ಸಭೆಗೆ ಥಾಮಸ್ ಮತ್ತು ಗಿಲ್‌ಕ್ರಿಸ್ಟ್ ಪ್ರಬಂಧ ಸಿದ್ಧ ಮಾಡಿದರು. ಅದನ್ನು ಓದುವ ಸರದಿಯೇ ಬರಲಿಲ್ಲ, ಮುಂದಿನ ವಸಂತದ ಸಭೆಗೆ ತಳ್ಳಿದರು.

ಆದರೆ ಪ್ಯಾರಿಸ್‌ನಲ್ಲಿ ಒಬ್ಬ ಕೇಳುಗ ಸಿಕ್ಕ. ಮಿಡಲ್ಸ್‌ಬರೊದ ಬೋಲ್ಕೋ ವಾನ್ ಕಂಪನಿಯ ವ್ಯವಸ್ಥಾಪಕ ವಿಂಡ್ಸರ್ ರಿಚರ್ಡ್ಸ್. ಕ್ಲೀವ್‌ಲ್ಯಾಂಡ್‌ನ ರಂಜಕದ ಅದಿರಿನ ಮೇಲೆ ಕೂತಿದ್ದ ಕಂಪನಿ ಅದು, ಹಾಗಾಗಿ ಗರಜು ಇತ್ತು. ಆತ ಬ್ಲೇನಾವನ್‌ಗೆ ಬಂದು ಕಣ್ಣಾರೆ ನೋಡಿದ. 1879ರ ಏಪ್ರಿಲ್ 4ರಂದು ಮಿಡಲ್ಸ್‌ಬರೊ ಬಳಿಯ ಎಸ್ಟನ್‌ನಲ್ಲಿ ದೊಡ್ಡ ಪ್ರಮಾಣದ ಪ್ರಯೋಗ ಗೆದ್ದಿತು. ಇಂಗಾಲ ಉರಿದು ಮುಗಿದ ಮೇಲೂ ಕೆಲವು ನಿಮಿಷ ಗಾಳಿ ಊದುವುದನ್ನು ಮುಂದುವರಿಸಿದರೆ ಮಾತ್ರ ರಂಜಕ ಹೊರಡುತ್ತದೆ ಎಂಬ ಕೈಚಳಕವೂ ಗೊತ್ತಾಗಿತ್ತು. ಸುದ್ದಿ ಹರಡಿದ್ದೇ ತಡ, ಬೆಲ್ಜಿಯಂ, ಫ್ರಾನ್ಸ್, ಜರ್ಮನಿ, ಆಸ್ಟ್ರಿಯಾ, ಅಮೆರಿಕದ ಉಕ್ಕಿನ ಮಂದಿ ಮಿಡಲ್ಸ್‌ಬರೊಗೆ ಮುಗಿಬಿದ್ದರು. ಆ ಮೇ ತಿಂಗಳಲ್ಲಿ ಥಾಮಸ್ ಕೋರ್ಟಿನ ಕೆಲಸ ಬಿಟ್ಟ.

ಕಿಟ್ಟದ ಗುಡ್ಡ ಹೊಲಕ್ಕೆ ಹೋದದ್ದು

ಇದೆಲ್ಲ ಒಬ್ಬನೇ ಒಬ್ಬನ ಸಾಧನೆ ಅನ್ನೋ ಹಾಗಿಲ್ಲ. ಜಾರ್ಜ್ ಸ್ನೇಲಸ್ ಎಂಬಾತ 1872ರಲ್ಲೇ ಸುಣ್ಣದ ಒಳಪದರಕ್ಕೆ ಪೇಟೆಂಟ್ ಪಡೆದಿದ್ದ, ಆದರೆ ಅದನ್ನು ಕಾರ್ಖಾನೆಯಲ್ಲಿ ನಡೆಯುವಂತೆ ಮಾಡಿರಲಿಲ್ಲ. ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ಬದಲು ಹಕ್ಕುಗಳನ್ನು ಒಟ್ಟುಗೂಡಿಸಿ ಹಂಚಿಕೊಂಡರು. 1883ರ ಬೆಸೆಮರ್ ಚಿನ್ನದ ಪದಕ ಸ್ನೇಲಸ್ ಮತ್ತು ಥಾಮಸ್ ಇಬ್ಬರಿಗೂ ಬಂತು. ಪೊಲೀಸ್ ಕೋರ್ಟಿನಲ್ಲಿ ಹನ್ನೆರಡು ವರ್ಷ ಕಳೆದವನಿಗೆ ವ್ಯಾಜ್ಯದ ಬೆಲೆ ಗೊತ್ತಿತ್ತು ಅಂತ ಕಾಣುತ್ತೆ. ಅಮೆರಿಕದ ಹಕ್ಕು ಕೊಳ್ಳಲು ಆಂಡ್ರ್ಯೂ ಕಾರ್ನೆಗಿಯೇ ಮುಂದೆ ಬಂದ.

ಪರಿಣಾಮ ಮಾತ್ರ ಇಂಗ್ಲೆಂಡ್ ಊಹಿಸಿದಂತಿರಲಿಲ್ಲ. 1871ರ ಯುದ್ಧದ ನಂತರ ಲಾರೇನ್‌ನ ಒಂದು ಭಾಗ ಜರ್ಮನಿಯ ಕೈ ಸೇರಿತ್ತು. ಅಲ್ಲಿನ ರಂಜಕ ತುಂಬಿದ ಅದಿರು ಈಗ ಚಿನ್ನವಾಯ್ತು. 1879ರ ಸೆಪ್ಟೆಂಬರಿನಲ್ಲೇ ಜರ್ಮನಿಯಲ್ಲಿ ಈ ವಿಧಾನದ ಉಕ್ಕು ಹರಿಯಿತು. 1890ರ ದಶಕದಲ್ಲಿ ಉಕ್ಕಿನ ಉತ್ಪಾದನೆಯಲ್ಲಿ ಜರ್ಮನಿ ಬ್ರಿಟನ್ನನ್ನು ಹಿಂದೆ ಹಾಕಿತು. ಆ ಉಕ್ಕು ರೈಲು ಹಳಿಯಾಯಿತು, ಮುಂದೆ ಫಿರಂಗಿಯೂ ಆಯಿತು. ಕುಲುಮೆಯ ಗೋಡೆ ಬದಲಾದರೆ ಭೂಪಟದ ತೂಕವೂ ಬದಲಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಇತ್ತ ಥಾಮಸ್‌ನ ದೇಹ ಸೋಲುತ್ತಿತ್ತು. ಹಗಲು ಕಚೇರಿ, ರಾತ್ರಿ ಪ್ರಯೋಗ ಅಂತ ವರ್ಷಗಟ್ಟಲೆ ದುಡಿದವನ ಶ್ವಾಸಕೋಶ ಕೆಟ್ಟಿತ್ತು. ಬೆಚ್ಚಗಿನ ಹವೆಗಾಗಿ ದೀರ್ಘ ಸಮುದ್ರಯಾನ ಮಾಡಿದ, ಅಲ್ಜೀರ್ಸ್‌ನಲ್ಲಿ ನೆಲೆಸಿ ನೋಡಿದ. ಅಲ್ಲೂ ತಲೆಯಲ್ಲಿ ತಿರುಗುತ್ತಿದ್ದದ್ದು ಕಿಟ್ಟವನ್ನು ಗೊಬ್ಬರ ಮಾಡುವ ಕೆಲಸವೇ. 1885ರ ಫೆಬ್ರವರಿ 1ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡ. ಆಗ ವಯಸ್ಸು ಬರೀ 34. ಪಾಸಿಯ ಸ್ಮಶಾನದಲ್ಲಿ ಮಣ್ಣು ಮಾಡಿದರು.

ಆತನ ಅಂದಾಜು ನಿಜವಾದದ್ದು ಸ್ವಲ್ಪ ತಡವಾಗಿ. ಕಿಟ್ಟವನ್ನು ರಾಸಾಯನಿಕವಾಗಿ ಏನೂ ಮಾಡಬೇಕಿಲ್ಲ, ನುಣ್ಣಗೆ ಹಿಟ್ಟಿನಂತೆ ಬೀಸಿದರೆ ಸಾಕು ಅಂತ ಗೊತ್ತಾಯಿತು. ಹುಳಿ ಮಣ್ಣಿನ ಹೊಲ, ಹುಲ್ಲುಗಾವಲುಗಳಿಗೆ ಅದು ರಂಜಕವನ್ನೂ ಕೊಟ್ಟಿತು, ಸುಣ್ಣವನ್ನೂ ಕೊಟ್ಟಿತು. ಜರ್ಮನಿಯಲ್ಲಿ ಅದನ್ನು ಥಾಮಸ್ ಹಿಟ್ಟು ಅಂತಲೇ ಕರೆದರು. ಯುರೋಪಿನ ರೈತರು ದಶಕಗಳ ಕಾಲ ಅದನ್ನು ಚೀಲಗಟ್ಟಲೆ ಕೊಂಡು ಎರಚಿದರು. ಉಕ್ಕನ್ನು ಕೆಡಿಸುತ್ತಿದ್ದ ವಿಷವೇ ಹೊಲಕ್ಕೆ ಅನ್ನವಾಯಿತು.

ನಮ್ಮ ಕುಲುಮೆಗಳಿಗೆ ಇದರಿಂದೇನು?

ಥಾಮಸ್ ಪರಿವರ್ತಕಗಳು ಈಗಿಲ್ಲ. 1950ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಲಿಂಜ್‌ನಲ್ಲಿ ಗಾಳಿಯ ಬದಲು ಆಮ್ಲಜನಕ ಊದುವ ವಿಧಾನ ಬಂದು ಅವನ್ನು ಮೂಲೆಗೆ ತಳ್ಳಿತು. ಅದೇ ದಶಕದ ಕೊನೆಗೆ ರೂರ್ಕೆಲಾ ಮೂಲಕ ಅದು ಭಾರತಕ್ಕೂ ಬಂತು. ಆದರೆ ಒಳಗೋಡೆಯ ತತ್ವ ಥಾಮಸ್‌ನದೇ. ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕು ಬೇಯುವ ಪರಿವರ್ತಕಗಳೂ ಈ ಮನೆತನದವೇ. ಇಂಥ ಪರಿವರ್ತಕಗಳ ಒಳಗೆ ಈಗ ಮೆಗ್ನೀಷಿಯಾ ಮತ್ತು ಇಂಗಾಲ ಬೆರೆತ ಇಟ್ಟಿಗೆ ಇರುತ್ತದೆ. ಸುಣ್ಣ ತಿನ್ನಲಾಗದ ಗೋಡೆ, ಅದರೊಳಗೆ ಸುಣ್ಣ.

ಈ ಇಟ್ಟಿಗೆಗಳೂ ಸವೆಯುತ್ತವೆ. ಕಳಚಿ ತೆಗೆದ ಇಟ್ಟಿಗೆಯನ್ನು ಆರಿಸಿ, ಅಂಟಿದ ಕಿಟ್ಟ ಕೆರೆದು, ಪುಡಿ ಮಾಡಿ ಹೊಸ ಇಟ್ಟಿಗೆಗೆ ಬೆರೆಸುವ ಕೆಲಸ ಈಗ ನಡೆಯುತ್ತಿದೆ. ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೇರಳ, ಶಾಖ ಹೋಗಗೊಡುವುದಿಲ್ಲ. ಹಾಗಾಗಿ ಕರಗಿದ ಉಕ್ಕಿನ ಮೇಲೆ ಹೊದಿಕೆಯಾಗಿ ಅದನ್ನು ಹಾಕುತ್ತಾರೆ. ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳ ಹಿಂದೆ ರಾಶಿ ಬೀಳುವಂಥದೇ ಬೂದಿ. ಆದರೆ ಥಾಮಸ್‌ನ ಪಾಠ ಇಲ್ಲೇ ಬೇಕಾಗುತ್ತದೆ. ಅದೇ ಹೊಟ್ಟಿನ ಬೂದಿಯನ್ನು ಸಿಲಿಕಾ ಇದೆಯಲ್ಲ ಅಂತ ಸುಣ್ಣ ಕುದಿಯುವ ಪರಿವರ್ತಕದ ಗೋಡೆಗೆ ಬಳಸಿದರೆ ಗೋಡೆ ಕರಗಿ ಹೋಗುತ್ತದೆ. ಕಸ ಅಗ್ಗ ಅನ್ನೋದು ಒಂದು ಗುಣವೇ ಅಲ್ಲ. ಅದು ಆಮ್ಲದ್ದೋ ಪ್ರತ್ಯಾಮ್ಲದ್ದೋ, ಯಾವುದರ ಪಕ್ಕ ಕೂರುತ್ತದೆ, ಎಷ್ಟು ಶಾಖದಲ್ಲಿ ಅನ್ನೋದು ಮೊದಲು ಗೊತ್ತಿರಬೇಕು.

ಕಿಟ್ಟದ ವಿಷಯವೂ ಅಷ್ಟೇ. ಇಂದಿನ ಪರಿವರ್ತಕಗಳ ಕಿಟ್ಟದಲ್ಲಿ ರಂಜಕ ಥಾಮಸ್ ಕಾಲದ್ದಕ್ಕಿಂತ ಬಹಳ ಕಡಿಮೆ. ವೆನೇಡಿಯಂ, ಕ್ರೋಮಿಯಂನಂಥ ಲೋಹಗಳೂ ಇರಬಹುದು. ಥಾಮಸ್ ಹಿಟ್ಟಿನ ಹೆಸರು ಹೇಳಿ ಅದನ್ನು ಪರೀಕ್ಷೆಯಿಲ್ಲದೆ ಹೊಲಕ್ಕೆ ಸುರಿಯೋದು ಆತನ ವಿಧಾನವಲ್ಲ. ಕಿಟ್ಟದಲ್ಲಿ ಏನಿರುತ್ತದೆ ಅನ್ನೋದನ್ನ ಕುಲುಮೆ ಹಚ್ಚುವ ಮೊದಲೇ ನಿರ್ಧರಿಸಿದ್ದವನು ಆತ. ಹೊಸ ಉಕ್ಕಿನ ಯೋಜನೆಗಳಿಗೆ ಒಪ್ಪಿಗೆ ಕೇಳುವವರು ಮೊದಲ ಪುಟದಲ್ಲೇ ಈ ಲೆಕ್ಕ ಕೊಡಬೇಕು ಅಂತ ಕೇಳುವ ಹಕ್ಕು ಸುತ್ತಲಿನ ಊರಿನವರಿಗಿದೆ. ಧೂಳು ಕುಡಿಯುವವರು ಅವರೇ ತಾನೇ?

ಇನ್ನು ಆತ ಗಳಿಸಿದ ಹಣದ ಕಥೆ. ತಾಯಿ ಮತ್ತು ಸಹೋದರಿಯ ಬದುಕಿಗೆ ವ್ಯವಸ್ಥೆ ಮಾಡಿ, ಉಳಿದದ್ದನ್ನು ದುಡಿಯುವ ಜನರ ಬದುಕು ಸುಧಾರಿಸಲು ಬಳಸಬೇಕು ಅಂತ ಥಾಮಸ್ ಬರೆದಿಟ್ಟಿದ್ದ. ಸಹೋದರಿ ಲಿಲಿಯನ್ ಅದನ್ನು ನಡೆಸಿಕೊಟ್ಟಳು. ಪರ್ಸಿ ಗಿಲ್‌ಕ್ರಿಸ್ಟ್ 1935ರವರೆಗೆ ಬದುಕಿದ್ದ. ಬ್ಲೇನಾವನ್ ಈಗ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಹಾಜರಾತಿ ಸಾಲದೆ ಪದವಿ ಸಿಗದ ಆ ಗುಮಾಸ್ತನ ನೆನಪಿಗೆ ಅಲ್ಲೊಂದು ಕಲ್ಲಿನ ಕಂಬ ನಿಂತಿದೆ.